ಮಟಕಿಯ ರೋಗಿ, ಬೆಂಗಳೂರಿನ ಸೀಟು

ಪಿಜಿ ಪ್ರವೇಶ ಪರೀಕ್ಷೆಗಳ ಫಲಿತಾಂಶ ಬಂತೆಂದರೆ ಎಂಬಿಬಿಎಸ್ ಮುಗಿಸಿದವರ ನಡುವೆ ಒಂದು ಮಾತು ಯಾರ ತಕರಾರೂ ಇಲ್ಲದೆ ಓಡಾಡುತ್ತದೆ. ಮನೋವೈದ್ಯಕೀಯ ಓದುವುದಾದರೆ ನಿಮ್ಹಾನ್ಸ್. ಅದು ಸಿಗದಿದ್ದರೆ ಬೆಂಗಳೂರಿನದೇ ಇನ್ನೊಂದು ಕಾಲೇಜು. ಅದೂ ಆಗದಿದ್ದರೆ ಮೈಸೂರು, ಮಂಗಳೂರು, ಧಾರವಾಡ. ಎಲ್ಲೂ ಆಗದವರಿಗೆ ಕಲಬುರಗಿ. ಹಿಂದಿನ ವರ್ಷ ಯಾವ ಕಾಲೇಜಿನ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂಬ ಪಟ್ಟಿಯನ್ನೇ ಯಾವ ಕಾಲೇಜು ಎಷ್ಟು ಒಳ್ಳೆಯದು ಎಂಬ ಪಟ್ಟಿಯಾಗಿ ಓದಲಾಗುತ್ತಿದೆ. ಆಳಂದ ತಾಲೂಕಿನ ಮಟಕಿಯಂಥ ಊರಿನಿಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಂದ ಓದಿ ಬಂದ ಮಕ್ಕಳೂ ಇದನ್ನೇ ನಂಬಿ ಆಪ್ಷನ್ ಎಂಟ್ರಿ ಮಾಡುತ್ತಾರೆ.

ಬೇರೆ ವಿಭಾಗಗಳಿಗೆ ಈ ಲೆಕ್ಕ ಅಷ್ಟಿಷ್ಟು ಹೊಂದೀತು. ಮನೋವೈದ್ಯಕೀಯಕ್ಕೆ ಹೊಂದುವುದಿಲ್ಲ. ಯಾರ ಎದುರು ಕೂತು ಕಲಿಯುತ್ತೀರಿ, ಅವರ ಮಾತು ನಿಮಗೆ ಎಷ್ಟು ತಿಳಿಯುತ್ತದೆ, ನೀವು ಮಾತಾಡಿಸುವಾಗ ಪಕ್ಕದಲ್ಲಿ ಕೂತು ತಿದ್ದುವವರು ಇದ್ದಾರೋ ಇಲ್ಲವೋ ಎಂಬುದರ ಮೇಲೆ ಈ ವಿದ್ಯೆ ನಿಂತಿದೆ. ಇವುಗಳಲ್ಲಿ ಒಂದೂ ರ‍್ಯಾಂಕಿನ ಪಟ್ಟಿಯಲ್ಲಿ ಕಾಣುವುದಿಲ್ಲ.

ವಿದ್ಯಾರ್ಥಿಗಳು ಹೆಸರಿಗೆ ಜೋತುಬೀಳುವುದಕ್ಕೆ ಕಾರಣವಿದೆ. ಎಂಬಿಬಿಎಸ್‌ನ ಅಷ್ಟೂ ವರ್ಷಗಳಲ್ಲಿ ಮನೋವೈದ್ಯ ವಿಭಾಗದಲ್ಲಿ ಅವರು ಕಳೆಯುವುದು ಕೆಲವೇ ವಾರ. ಅದಕ್ಕೆ ಪ್ರತ್ಯೇಕ ಪರೀಕ್ಷೆ ಇಲ್ಲ, ಜನರಲ್ ಮೆಡಿಸಿನ್ನಿನ ಒಂದು ಭಾಗವಾಗಿ ಮುಗಿದುಹೋಗುತ್ತದೆ. ಶಸ್ತ್ರಚಿಕಿತ್ಸೆಯ ವಿಭಾಗ ಹೇಗಿರಬೇಕು ಎಂಬ ಅಂದಾಜು ಇರುವ ಹುಡುಗನಿಗೂ ಮನೋವೈದ್ಯ ವಿಭಾಗ ಚೆನ್ನಾಗಿದೆ ಎಂದರೇನು ಎಂಬುದು ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕಡೆ ಹೆಸರನ್ನು ಹಿಡಿದುಕೊಳ್ಳುವುದು ಸಹಜ. ಆದರೆ ಇದು ಮೂರು ವರ್ಷದ ಕಲಿಕೆಯ, ಅದರ ಹಿಂದೆ ಬರುವ ಮೂವತ್ತು ವರ್ಷದ ದುಡಿಮೆಯ ವಿಷಯ.

ನಿಮ್ಹಾನ್ಸ್ ದೊಡ್ಡ ಸಂಸ್ಥೆ, ಅದರಲ್ಲಿ ಎರಡು ಮಾತಿಲ್ಲ. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಎರಡೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜಕಾರ್ಯದವರು, ನರರೋಗ ತಜ್ಞರು ಒಂದೇ ಆವರಣದಲ್ಲಿ ದುಡಿಯುವುದು ಅಲ್ಲಿನ ಸಂಪತ್ತು. ಮಕ್ಕಳ ಮನೋವೈದ್ಯಕೀಯ, ವ್ಯಸನ ಚಿಕಿತ್ಸೆ, ಹೆರಿಗೆಯ ನಂತರದ ಮಾನಸಿಕ ಕಾಯಿಲೆ, ಇವಕ್ಕೆಲ್ಲ ಪ್ರತ್ಯೇಕ ವಿಭಾಗಗಳಿವೆ. ಸಂಶೋಧನೆಗೆ ಮನಸ್ಸು ಕೊಟ್ಟವರಿಗೆ, ಮುಂದೆ ಕಲಿಸುವ ಕೆಲಸ ಹಿಡಿಯುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ನಾಡಿನಲ್ಲಿ ಇಲ್ಲ.

ಆದರೆ ನಿಮ್ಹಾನ್ಸ್ ದೇಶಕ್ಕೆ ಕೊಟ್ಟ ಅತಿ ದೊಡ್ಡ ಕಾಣಿಕೆ ಹೊಸೂರು ರಸ್ತೆಯ ಆವರಣದೊಳಗೆ ರೂಪುಗೊಳ್ಳಲಿಲ್ಲ. 1970ರ ದಶಕದಲ್ಲಿ ಅಲ್ಲಿನ ವೈದ್ಯರು ಬೆಂಗಳೂರಿನ ಹೊರಗಿನ ಸಕಲವಾರಕ್ಕೆ ಹೋಗಿ, ಹಳ್ಳಿಯ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಲು ಶುರುಮಾಡಿದರು. ಆ ಅನುಭವ ಬಳ್ಳಾರಿಗೆ ಬಂತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಅಲ್ಪಾವಧಿಯ ತರಬೇತಿ ಕೊಟ್ಟು, ಬೇಕಾದ ಕೆಲವೇ ಔಷಧಿಗಳನ್ನು ಅಲ್ಲಿಗೇ ತಲುಪಿಸಿ, ಜಿಲ್ಲೆಯೊಂದು ತನ್ನ ರೋಗಿಗಳನ್ನು ತಾನೇ ನೋಡಿಕೊಳ್ಳಬಲ್ಲದು ಎಂದು ತೋರಿಸಿಕೊಟ್ಟರು. ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಈ ಕೆಲಸದ ಹಿಂದಿದ್ದವರು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಇದೇ ಸಂಸ್ಥೆಯ ವೈದ್ಯರು 2005ರಿಂದ ತೀರ್ಥಹಳ್ಳಿ ತಾಲೂಕಿನಲ್ಲಿ ಸ್ಕಿಜೋಫ್ರೀನಿಯಾ ಇದ್ದವರನ್ನು ಸ್ಥಳೀಯ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಹುಡುಕಿ, ಊರಿನಲ್ಲೇ ಚಿಕಿತ್ಸೆ ಕೊಟ್ಟರು. ದೊಡ್ಡ ಸಂಸ್ಥೆಯೇ ಹೀಗೆ ಜಿಲ್ಲೆಗೆ ಹೋಗಿ ಕಲಿತಿರುವಾಗ, ಜಿಲ್ಲೆಯಲ್ಲೇ ಹುಟ್ಟಿದವನು ಜಿಲ್ಲೆಯಲ್ಲಿ ಕಲಿಯುವುದು ಕೀಳು ಎಂದು ಯಾಕೆ ತಿಳಿಯಬೇಕು?

ಈಗ ರೋಗಿಯ ಮಾತಿಗೆ ಬರೋಣ. ಹೃದಯ ತಜ್ಞನ ಕೈಯಲ್ಲಿ ಇಸಿಜಿ ಇದೆ, ಮೂಳೆ ತಜ್ಞನಿಗೆ ಎಕ್ಸ್‌ರೇ ಇದೆ. ಖಿನ್ನತೆಯನ್ನೋ ಸ್ಕಿಜೋಫ್ರೀನಿಯಾವನ್ನೋ ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ರೋಗಿ ಏನು ಹೇಳುತ್ತಾನೆ, ಹೇಗೆ ಹೇಳುತ್ತಾನೆ, ಮನೆಯವರು ಏನು ಕಂಡಿದ್ದಾರೆ ಎಂಬುದರ ಮೇಲೆ ಕಾಯಿಲೆಯ ನಿರ್ಧಾರವಾಗುತ್ತದೆ. ಆಳಂದದ ಕಡೆಯ ಹೆಣ್ಣುಮಗಳು ‘ಖಿನ್ನತೆ ಇದೆ’ ಎಂದು ಬರುವುದಿಲ್ಲ. ‘ಜೀವಕ್ಕ ಸಮಾಧಾನ ಇಲ್ರಿ, ನಿದ್ದಿ ಹತ್ತವಲ್ದ್ರಿ, ತಲಿ ಗುಂಯ್ ಅಂತದ್ರಿ’ ಎನ್ನುತ್ತಾಳೆ. ಜೊತೆಗೆ ಬಂದ ಅತ್ತೆ ‘ಯಾರೋ ಮಾಡ್ಸ್ಯಾರ’ ಎನ್ನುತ್ತಾಳೆ. ಭಾನಾಮತಿ ಎಂಬ ಮಾಟದ ಹೆದರಿಕೆ ಈ ನೆಲದಲ್ಲಿ ತಲೆಮಾರುಗಳಿಂದ ಇದೆ. ಊರಿಗೆ ಊರೇ ನಂಬಿದ್ದನ್ನು ಹೇಳಿದವಳಿಗೆ ಭ್ರಮೆ ಹಿಡಿದಿದೆ ಎಂದು ಬರೆದುಬಿಟ್ಟರೆ ತಪ್ಪು. ಊರಿನ ನಂಬಿಕೆಯನ್ನು ಮೀರಿ ಅವಳೊಬ್ಬಳಲ್ಲೇ ಬೆಳೆದಿರುವ ಅನುಮಾನವನ್ನು ‘ಇದು ಇಲ್ಲಿಯ ರೂಢಿ’ ಎಂದು ಬಿಟ್ಟರೆ ಅದೂ ತಪ್ಪು. ಈ ಎರಡರ ನಡುವಿನ ಗೆರೆಯನ್ನು ಪಠ್ಯಪುಸ್ತಕ ಕಲಿಸುವುದಿಲ್ಲ. ಅಂಥ ನೂರಾರು ಮನೆಯವರನ್ನು ಮಾತಾಡಿಸಿದವನಿಗೆ ಮಾತ್ರ ಅದು ಕಾಣುತ್ತದೆ. ಕನ್ನಡ, ದಖನಿ ಉರ್ದು, ಮರಾಠಿ, ಲಂಬಾಣಿ ಒಂದೇ ಸಂತೆಯಲ್ಲಿ ಕೇಳಿಬರುವ ಈ ಗಡಿಯಲ್ಲಿ ಬೆಳೆದ ವಿದ್ಯಾರ್ಥಿಗೆ ಇದು ಅರ್ಧ ಕೈಗೆ ಬಂದ ವಿದ್ಯೆ.

ಅಫಜಲಪುರ ತಾಲೂಕಿನಲ್ಲಿ, ಭೀಮಾ ಮತ್ತು ಅಮರ್ಜಾ ಕೂಡುವಲ್ಲಿ, ಗಾಣಗಾಪುರದ ದತ್ತನ ಕ್ಷೇತ್ರವಿದೆ. ಮೈಮೇಲೆ ಗಾಳಿ ಬಂದಿದೆ ಎಂದು ನಂಬಿದವರನ್ನು ಕರ್ನಾಟಕ, ಮಹಾರಾಷ್ಟ್ರದ ಊರೂರುಗಳಿಂದ ಅಲ್ಲಿಗೆ ಕರೆತರುತ್ತಾರೆ. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೂ ಹಿಂದೂ, ಮುಸ್ಲಿಂ ಎನ್ನದೆ ಜನ ಇದೇ ಕಷ್ಟ ಹೊತ್ತು ಬರುತ್ತಾರೆ. ಇಲ್ಲಿಯ ಬಹಳಷ್ಟು ರೋಗಿಗಳು ಮನೋವೈದ್ಯನ ಬಾಗಿಲಿಗೆ ಬರುವ ಮೊದಲು ಇಂಥ ಕಡೆ ಹೋಗಿಬಂದಿರುತ್ತಾರೆ. ಅವರನ್ನು ಹೀಯಾಳಿಸುವ ವೈದ್ಯನ ಬಳಿಗೆ ಅವರು ಮತ್ತೆ ಬರುವುದಿಲ್ಲ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಸರಪಳಿ ಹಾಕಿ ಇಟ್ಟಿದ್ದ ಮಾನಸಿಕ ರೋಗಿಗಳು ಬೆಂಕಿಗೆ ಸಿಕ್ಕಿ 28 ಮಂದಿ ಸತ್ತರು. ಆದ್ದರಿಂದ ಕಣ್ಣು ಮುಚ್ಚಿ ಕೂರುವಂತೆಯೂ ಇಲ್ಲ. ಇನ್ನೊಂದು ಕಡೆ, ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ಬಂದು ಉಳಿದ 31 ಮಾನಸಿಕ ರೋಗಿಗಳನ್ನು ಗಮನಿಸಿ, ಅವರ ರೋಗಲಕ್ಷಣಗಳು ಸುಮಾರು ಶೇ 20ರಷ್ಟು ತಗ್ಗಿದ್ದನ್ನು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಹಿಂಸೆಯಿಲ್ಲದ, ಆಸರೆ ಕೊಡುವ ಜಾಗವೂ ರೋಗಿಗೆ ನೆಮ್ಮದಿ ತರಬಲ್ಲದು ಎಂಬುದು ಅವರ ತಿಳಿವಳಿಕೆ. ಗುಡಿ, ದರ್ಗಾಗಳ ಜೊತೆ ಜಗಳವಿಲ್ಲದೆ, ಆದರೆ ಸರಪಳಿಗೆ ಒಪ್ಪದೆ ಮಾತಾಡುವುದನ್ನು ಕಲಿಯಲು ಗಾಣಗಾಪುರದಿಂದ ಕೆಲವೇ ಗಳಿಗೆಯ ದಾರಿಯಲ್ಲಿರುವ ಕಲಬುರಗಿಗಿಂತ ತಕ್ಕ ಊರು ಯಾವುದಿದೆ?

ಔಷಧಿಯ ಆಯ್ಕೆಯಲ್ಲೂ ನೆಲದ ಅರಿವು ಬೇಕು. ಬೈಪೋಲಾರ್ ಕಾಯಿಲೆಗೆ ಲಿಥಿಯಂ ಒಳ್ಳೆಯ ಔಷಧಿ. ಆದರೆ ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ನೋಡುತ್ತಿರಬೇಕು, ಮೈಯಲ್ಲಿ ನೀರು ಕಡಿಮೆಯಾದರೆ ಅದೇ ವಿಷವಾಗುತ್ತದೆ. ಕಲಬುರಗಿಯ ಬೇಸಿಗೆ 42 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ದುಡಿಯುವ ಕೂಲಿಕಾರನಿಗೆ ಲಿಥಿಯಂ ಬರೆದುಕೊಟ್ಟು ನೀರು, ಉಪ್ಪಿನ ಬಗ್ಗೆ ಎಚ್ಚರ ಹೇಳದೆ ಕಳಿಸುವುದು ಅಪಾಯ. ತೊಗರಿ ರಾಶಿ ಮುಗಿದ ಮೇಲೆ ಮನೆಗೆ ಮನೆಯೇ ಮುಂಬೈ, ಪುಣೆಗೆ ದುಡಿಯಲು ಹೋಗುವ ಊರುಗಳಿವು. ತಿಂಗಳಿಗೊಮ್ಮೆ ಬಾ ಎಂದರೆ ಬರಲಾಗದವನಿಗೆ ಕೆಲವು ವಾರ ಕೆಲಸ ಮಾಡುವ ಇಂಜೆಕ್ಷನ್ ಹೊಂದೀತೇ, ಅಲ್ಲಿಯ ಯಾವ ಆಸ್ಪತ್ರೆಗೆ ಚೀಟಿ ಬರೆಯಬೇಕು ಎಂದು ಯೋಚಿಸುವ ರೂಢಿ ರೆಸಿಡೆಂಟ್ ಆಗಿದ್ದಾಗಲೇ ಬರಬೇಕು. ಇನ್ನು ಕೀಟನಾಶಕ ಕುಡಿದವರನ್ನು ಮೊದಲು ತರುವುದು ಸಾಮಾನ್ಯ ಆಸ್ಪತ್ರೆಯ ತುರ್ತು ವಿಭಾಗಕ್ಕೆ, ಮನಸ್ಸು ಮತ್ತು ಮಿದುಳಿಗೆ ಮೀಸಲಾದ ಸಂಸ್ಥೆಗಲ್ಲ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಸರ್ಕಾರ ಅವರಿಗೆ ಆರೈಕೆ ಒದಗಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಆ ಕಲಂ ಜೀವ ತಳೆಯುವುದು ಮೆಡಿಸಿನ್ ವಾರ್ಡಿನ ಮಂಚದ ಪಕ್ಕದಲ್ಲಿ.

ಇಷ್ಟಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲಾಗದು. ರೋಗಿಗಳಿದ್ದರೆ ಸಾಲದು, ಕಲಿಸುವವರು ಬೇಕು. ಸಣ್ಣ ವಿಭಾಗಗಳಲ್ಲಿ ಅಧ್ಯಾಪಕರು ಕಡಿಮೆ, ಮನಶ್ಶಾಸ್ತ್ರಜ್ಞರ ಹುದ್ದೆ ಖಾಲಿ, ರೆಸಿಡೆಂಟ್ ಒಬ್ಬನೇ ಓಪಿಡಿ ಎಳೆಯಬೇಕು, ತಪ್ಪನ್ನು ತಪ್ಪೆಂದು ಹೇಳುವವರಿಲ್ಲದೆ ಅದೇ ಅಭ್ಯಾಸವಾಗುತ್ತದೆ. ಇಂಥ ವಿಭಾಗಗಳಿವೆ. ಅಲ್ಲಿ ಸೇರಬೇಡಿ ಎಂದೇ ನಾನೂ ಹೇಳುತ್ತೇನೆ. ಆದರೆ ಮಾರ್ಗದರ್ಶನದ ಬಡತನ ಸಣ್ಣ ಊರಿನದೊಂದೇ ಅಲ್ಲ. ಹೆಸರಾದ ಕಾಲೇಜಿನಲ್ಲೂ ರೋಗಿಗಳ ನೂಕುನುಗ್ಗಲಿನಲ್ಲಿ ಸೀನಿಯರ್ ಕೇಸ್ ಶೀಟಿಗೆ ಸಹಿ ಹಾಕಿ ಮುಂದೆ ಹೋಗುವುದುಂಟು. ಆದ್ದರಿಂದ ಊರಿನ ಗಾತ್ರ ನೋಡಿ ತೀರ್ಮಾನಿಸುವುದು ಬಿಟ್ಟು, ವಿಭಾಗದ ಒಳಗೆ ಹೊಕ್ಕು ನೋಡಬೇಕು.

ಅಲ್ಲಿ ಹೋದಾಗ ಪ್ರೊಫೆಸರನ್ನಲ್ಲ, ಎರಡನೇ ವರ್ಷದ ಪಿಜಿಯನ್ನು ಮಾತಾಡಿಸಿ. ನೀನು ರೋಗಿಯನ್ನು ಮಾತಾಡಿಸುವಾಗ ಹಿರಿಯರು ಪೂರ್ತಿ ಕೂತು ನೋಡಿದ್ದು ಯಾವಾಗ ಎಂದು ಕೇಳಿ. ವಾರಕ್ಕೊಮ್ಮೆಯಾದರೂ ಕೇಸ್ ಕಾನ್ಫರೆನ್ಸ್ ನಡೆಯುತ್ತದೆಯೇ? ಮಾತಿನ ಚಿಕಿತ್ಸೆಯನ್ನು ಯಾರ ಮೇಲ್ವಿಚಾರಣೆಯಲ್ಲಿ ಕಲಿಯುತ್ತೀರಿ, ಅಥವಾ ಗುಳಿಗೆ ಬರೆಯುವುದಷ್ಟೇ ಕೆಲಸವೇ? ಇಸಿಟಿಯನ್ನು, ಅಂದರೆ ವಿದ್ಯುತ್ ಚಿಕಿತ್ಸೆಯನ್ನು, ಅರಿವಳಿಕೆ ಕೊಟ್ಟೇ ಮಾಡುತ್ತಾರೆಯೇ? ಅರಿವಳಿಕೆ ಇಲ್ಲದೆ ಕೊಡುವುದನ್ನು 2017ರ ಕಾಯ್ದೆಯೇ ನಿಷೇಧಿಸಿದೆ. ವಿಷ ಕುಡಿದು ಬದುಕಿದವರನ್ನು ನೋಡಲು ಮೆಡಿಸಿನ್ ವಿಭಾಗ ನಿಮ್ಮನ್ನು ಕರೆಯುತ್ತದೆಯೇ? ಮನೆಗೆ ಹೋದ ರೋಗಿ ಮತ್ತೆ ಬರದಿದ್ದರೆ ಯಾರಾದರೂ ವಿಚಾರಿಸುತ್ತಾರೆಯೇ? ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ ನಡೆಯುವ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ ನಿಮ್ಮನ್ನು ಕಳಿಸುತ್ತಾರೆಯೇ? ಪ್ರತಿ ಪಿಜಿಯೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ಜಿಲ್ಲಾ ರೆಸಿಡೆನ್ಸಿ ನಿಯಮ 2021ರ ಬ್ಯಾಚಿನಿಂದ ಬಂದಿದೆ. ಅದು ನಿಜವಾದ ಕಲಿಕೆಯಾಗಿದೆಯೋ, ಹಾಜರಿ ಪುಸ್ತಕದ ಸಹಿಯಾಗಿದೆಯೋ? ಇವಕ್ಕೆ ಸಿಗುವ ಉತ್ತರ ಒಂದು ಕಾಲೇಜಿನ ನಿಜವಾದ ರ‍್ಯಾಂಕು. ಕಲಬುರಗಿಯ ವಿಭಾಗ ಇದರಲ್ಲಿ ಸೋತರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ, ಗೆದ್ದರೆ ಬೆಂಗಳೂರನ್ನು ಬಿಟ್ಟು ಬನ್ನಿ.

ಇದರಲ್ಲಿ ಋಣದ ಮಾತೂ ಇದೆ. 2012ರಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ಸೇರಿತು. ಅದರಡಿ ಕಲಬುರಗಿ ಸೇರಿದ ಈ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟುಗಳು ಇಲ್ಲಿಯ ಮಕ್ಕಳಿಗೆ ಮೀಸಲು. ಆ ಮೀಸಲಾತಿ ಬಂದದ್ದು ಈ ನೆಲಕ್ಕೆ ತನ್ನದೇ ವೈದ್ಯರು, ಎಂಜಿನಿಯರುಗಳು, ಅಧಿಕಾರಿಗಳು ಬೇಕು ಎಂಬ ದಶಕಗಳ ಹೋರಾಟದಿಂದ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ರೋಗಿಗಳಿಗೆ ಚಿಕಿತ್ಸೆಯೇ ತಲುಪುತ್ತಿಲ್ಲ. ಆಳಂದದಿಂದ ಕಲಬುರಗಿ ಸುಮಾರು 40 ಕಿಲೋಮೀಟರ್, ಬೆಂಗಳೂರು 600ಕ್ಕೂ ಮೇಲೆ. ಮಟಕಿಯ ರೈತ ತಲೆ ಕೆಟ್ಟ ಮಗನನ್ನು ಕಟ್ಟಿಕೊಂಡು ಅಷ್ಟು ದೂರ ತಿಂಗಳು ತಿಂಗಳು ಹೋಗಲಾರ. ಕಲಿತ ಊರಿನಲ್ಲಿ ಬೇರು ಬಿಡುವುದು ಬಹಳಷ್ಟು ವೈದ್ಯರ ಸ್ವಭಾವ. ಹಾಗೆ ಜಿಲ್ಲೆಯಲ್ಲಿ ಉಳಿದರೆ ಕೆಲಸ ಸಣ್ಣದಾಗುವುದೂ ಇಲ್ಲ. ಶಿವಮೊಗ್ಗದಲ್ಲಿ ನೆಲೆ ನಿಂತ ಮನೋವೈದ್ಯ ಕೆ.ಎ. ಅಶೋಕ್ ಪೈ ಜಿಲ್ಲಾ ಊರಿನಿಂದಲೇ ಇಡೀ ನಾಡಿಗೆ ಮಾನಸಿಕ ಆರೋಗ್ಯದ ಮಾತು ಮುಟ್ಟಿಸಿದರು.

ಹೊಣೆ ವಿದ್ಯಾರ್ಥಿಗಳದೊಂದೇ ಅಲ್ಲ. ಕಲಬುರಗಿಯ ಕಾಲೇಜುಗಳು ಖಾಲಿ ಹುದ್ದೆ ತುಂಬಬೇಕು, ಮನಶ್ಶಾಸ್ತ್ರಜ್ಞರನ್ನೂ ಸಮಾಜಕಾರ್ಯಕರ್ತರನ್ನೂ ನೇಮಿಸಬೇಕು, ಆಳಂದ, ಅಫಜಲಪುರ, ಜೇವರ್ಗಿಯ ತಾಲೂಕು ಆಸ್ಪತ್ರೆಗಳನ್ನು ತಮ್ಮ ಪಾಠಶಾಲೆಯಾಗಿ ಮಾಡಿಕೊಳ್ಳಬೇಕು. ಸರ್ಕಾರ ಅದಕ್ಕೆ ಹಣ ಕೊಡಬೇಕು. ಇದಾಗದೆ ಮಕ್ಕಳನ್ನಷ್ಟೇ ತ್ಯಾಗಕ್ಕೆ ಕರೆಯುವುದು ಅನ್ಯಾಯ.

ಈ ವರ್ಷ ಸೀಟು ಆರಿಸುವ ಈ ಭಾಗದ ಮಕ್ಕಳಲ್ಲಿ ನನ್ನದೊಂದೇ ಕೋರಿಕೆ. ಆಪ್ಷನ್‌ಗಳನ್ನು ಲಾಕ್ ಮಾಡುವ ಮೊದಲು ಕಲಬುರಗಿಯ ಮನೋವೈದ್ಯ ಓಪಿಡಿಯಲ್ಲಿ ಒಂದು ಬೆಳಗ್ಗೆ ಕೂತು ನೋಡಿ, ಮೇಲಿನ ಪ್ರಶ್ನೆಗಳನ್ನು ಕೇಳಿ. ಆಮೇಲೆ ನಿಮ್ಮ ಮನಸ್ಸು ಹೇಳಿದ ಕಾಲೇಜನ್ನು ಮೊದಲ ಸಾಲಿನಲ್ಲಿ ಬರೆಯಿರಿ.