ಎಳೆದೆ, ಬಂತು

ಗದಗಕ್ಕೂ ಮುಂಡರಗಿಗೂ ನಡುವೆ ಇರುವ ಡಂಬಳದ ದೊಡ್ಡಬಸಪ್ಪನ ಗುಡಿ ನೋಡಿದವರಿಗೆ ಗೊತ್ತು, ಅದರ ಗರ್ಭಗುಡಿಯ ಹೊರಗೋಡೆ ಗೋಡೆಯ ಹಾಗೆ ಕಾಣೋದೇ ಇಲ್ಲ. ಸೀರೆಯ ನೆರಿಗೆ ಹಾಗೆ ಮಡಿಕೆ ಮಡಿಕೆಯಾಗಿ ಸುತ್ತಿಕೊಂಡಿದೆ. ಕಲ್ಯಾಣ ಚಾಲುಕ್ಯರ ಕಾಲದ, 12ನೇ ಶತಮಾನದ ಕೆಲಸ. ತಳವಿನ್ಯಾಸ 24 ಮೂಲೆಯ ನಕ್ಷತ್ರ. ಒಂದು ಚೌಕದ ನಟ್ಟನಡುವೆ ಮೊಳೆ ಹೊಡೆದು, 15 ಡಿಗ್ರಿಯಷ್ಟು ತಿರುಗಿಸಿ ಮತ್ತೆ ಗೀಚಿ, ಹೀಗೇ ಆರು ಚೌಕ ಬರೆದರೆ ಆ ನಕ್ಷತ್ರ ಸಿಗುತ್ತದೆ.

ದಸರಾ ರಜೆಗೆ ಮುಂಡರಗಿಗೆ ಹೋದಾಗ ಒಂಬತ್ತನೇ ಕ್ಲಾಸಿನ ಅಕ್ಕನ ಮಗಳಿಗೆ ಇದನ್ನು ಜಿಯೋಜೀಬ್ರಾದಲ್ಲಿ ತೋರಿಸಿದೆ. ಬೆಂಗಳೂರಿನಲ್ಲಿ ಎರಡು ರಾತ್ರಿ ಕೂತು ಮಾಡಿದ್ದೆ, ಹೆಮ್ಮೆಯೂ ಇತ್ತು. ಕೆಳಗೊಂದು ಸ್ಲೈಡರ್. ಅದನ್ನು ಎಳೆದು ಕೋನ ಆರಿಸಿದರೆ, ಚೌಕ ತಿರುಗಿ ಮೊದಲಿನ ಜಾಗಕ್ಕೆ ಬರುವ ತನಕ ಎಷ್ಟು ಚೌಕ ಬೇಕೋ ಅಷ್ಟೂ ಬೀಳುತ್ತವೆ. ಅವಳು 15ಕ್ಕೆ ತಂದು ನಿಲ್ಲಿಸಿದಳು. ಚುಕ್ಕಿ ಅರಳಿತು.

"ಯಾಕ ಬಂತು?" ಅಂದೆ.

"ಎಳದೆ, ಬಂತು" ಅಂದಳು. ಆಮೇಲೆ ಬಣ್ಣ ಬದಲಿಸೋಕೆ ಬರುತ್ತಾ ಅಂತ ಕೇಳಿದಳು.

ಉತ್ತರದಲ್ಲಿ ತಪ್ಪೇನಿಲ್ಲ. ನಾನು ಮಾಡಿಕೊಟ್ಟದ್ದೇ ಅಷ್ಟು. ಯೋಚಿಸುವ ಕೆಲಸವೆಲ್ಲ ಆ ಎರಡು ರಾತ್ರಿಯಲ್ಲಿ ನಾನು ಮುಗಿಸಿಬಿಟ್ಟಿದ್ದೆ, ಅವಳಿಗೆ ಉಳಿದದ್ದು ಬೆರಳಿನ ಕೆಲಸ.

ಜಿಯೋಜೀಬ್ರಾ ಬಗ್ಗೆ ನನಗೆ ತಕರಾರಿಲ್ಲ. 2001ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಶುರು ಮಾಡಿದ್ದು. ಕಲಿಯೋರಿಗೆ ಕಲಿಸೋರಿಗೆ ಪುಕ್ಕಟೆ. ನಮ್ಮ ರಾಜ್ಯದಲ್ಲೂ ಐಟಿ ಫಾರ್ ಚೇಂಜ್ ಸಂಸ್ಥೆ ಸರ್ಕಾರದ ಜೊತೆ ಸೇರಿ ಹೈಸ್ಕೂಲು ಮೇಷ್ಟ್ರುಗಳಿಗೆ ಇದನ್ನು ಕಲಿಸಿದೆ. ಖಾಲಿ ಪುಟ ತೆರೆದು, ಬಿಂದು ಇಟ್ಟು, ಚೌಕ ಕಟ್ಟೋಕೆ ಕೂತ ಮಗುವಿಗೆ ಇದಕ್ಕಿಂತ ಒಳ್ಳೆಯ ಸ್ಲೇಟು ಇಲ್ಲ. ಆದರೆ ನಾವು ಹಂಚಿಕೊಳ್ಳೋದು ಖಾಲಿ ಪುಟವನ್ನಲ್ಲ, ಯಾರೋ ಕಟ್ಟಿ ಮುಗಿಸಿದ ಸ್ಲೈಡರನ್ನು. ತ್ರಿಕೋನದ ತುದಿ ಹೇಗೆ ಎಳೆದರೂ ಕೋನಗಳ ಮೊತ್ತ 180. ಮಗು ಹತ್ತು ಸಲ ಎಳೆದು ನಂಬುತ್ತದೆ, ಯಾಕೆ ಅಂತ ಕೇಳೋ ಅಗತ್ಯವೇ ಬೀಳೋದಿಲ್ಲ.

ಉಳಿದವುಗಳ ಕಥೆ ಬೇಗ ಮುಗಿಯುತ್ತದೆ. ದೀಕ್ಷಾದಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದು ಹೋದಾಗ ನನಗೆ ಹೆಚ್ಚಾಗಿ ಸಿಕ್ಕದ್ದು ವಿಡಿಯೋ. ನೋಡೋದಕ್ಕೆ ಸರಿ, ಅದರಲ್ಲಿ ನಾವು ಮಾಡೋದೇನಿಲ್ಲ. ಖಾನ್ ಅಕಾಡೆಮಿ ಕನ್ನಡದಲ್ಲೂ ಇದೆ, ಅಭ್ಯಾಸಗಳು ಚೆನ್ನಾಗಿವೆ, ಆದರೆ ಸುಳಿವಿನ ಗುಂಡಿ ಒತ್ತುತ್ತಾ ಹೋದರೆ ಉತ್ತರವೇ ಬಂದು ಕೂರುತ್ತದೆ. ಮಕ್ಕಳಿಗೆ ಇದು ಎರಡನೇ ದಿನಕ್ಕೇ ಗೊತ್ತಾಗುತ್ತೆ. ಇನ್ನು ಭಾಷೆ. ಕವಿರಾಜಮಾರ್ಗ ತಿರುಳ್ಗನ್ನಡಕ್ಕೆ ಹೆಸರಿಸಿದ ಊರುಗಳಲ್ಲಿ ಪುಲಿಗೆರೆ ಒಂದು, ಅಂದರೆ ನಮ್ಮ ಲಕ್ಷ್ಮೇಶ್ವರ. ಅಲ್ಲಿಯ ಹುಡುಗಿಗೆ ಪರದೆ 'ಪರಿಭ್ರಮಣ ಕೋನವನ್ನು ನಮೂದಿಸಿ' ಅನ್ನುತ್ತದೆ. 'ಎಷ್ಟು ತಿರುಗಿಸಲಿ?' ಅಂದಿದ್ದರೆ ಸಾಕಿತ್ತು.

ಮರುದಿನ ಇಬ್ಬರೂ ಡಂಬಳಕ್ಕೆ ಹೋದೆವು. ಎಣಿಸು ಅಂದೆ. ಎಣಿಸಿದಳು, 24 ಸಿಗಲಿಲ್ಲ. ಸಿಗೋದೂ ಇಲ್ಲ, ಗರ್ಭಗುಡಿಯ ಒಂದು ಮಗ್ಗುಲು ಮುಂದಿನ ಮಂಟಪಕ್ಕೆ ಅಂಟಿಕೊಂಡಿದೆ, ಅಲ್ಲಿಯ ಮೂಲೆಗಳು ಹೊರಗೆ ಕಾಣೋದಿಲ್ಲ. "ಹಂಗಾರ 24 ಅಂತ ಹೆಂಗ ಹೇಳ್ತಾರ?" ಅಂದಳು. ಹಿಂದಿನ ದಿನ ಕೇಳದ ಪ್ರಶ್ನೆ. ಪರದೆ ಎಲ್ಲವನ್ನೂ ತೋರಿಸಿತ್ತು, ಕೇಳೋಕೆ ಏನೂ ಉಳಿದಿರಲಿಲ್ಲ. ಇಲ್ಲಿ ಕಲ್ಲು ಒಂದಿಷ್ಟನ್ನು ಮುಚ್ಚಿಟ್ಟಿತ್ತು.

ಗೋಡೆ ಗುಂಟ ನಡೆದು ನೋಡು ಅಂದೆ. ಪ್ರದಕ್ಷಿಣೆ ಬಂದಳು. ಮೂಲೆ ಬಂದಾಗ ಬಲಕ್ಕೆ, ಸಂದಿ ಬಂದಾಗ ಎಡಕ್ಕೆ. "ಎರಡೂ ಕಡೆ ಕಾಟಕೋನನ ಅನಸ್ತದ."

ಸಂಜೆ ಮನೆಯಲ್ಲಿ ಸ್ಕ್ರ್ಯಾಚ್ ತೆರೆದುಕೊಟ್ಟೆ, ಖಾಲಿ. ಇದು ಎಂಐಟಿಯಿಂದ 2007ರಲ್ಲಿ ಬಂದದ್ದು; ಇದರ ಅಜ್ಜ ಲೋಗೊ, 1967ರದು. ಸೀಮೋರ್ ಪ್ಯಾಪರ್ಟ್ ಮತ್ತು ಜೊತೆಗಾರರು ಮಾಡಿದ ಆ ಲೋಗೊದಲ್ಲಿ ಆಮೆಯೊಂದಕ್ಕೆ ಇಷ್ಟು ನಡೆ, ಇಷ್ಟು ತಿರುಗು ಅಂತ ಹೇಳಿ ಚಿತ್ರ ಬರೆಸಬೇಕಿತ್ತು. ಅವಳು ಬರೆದಳು: 10 ಹೆಜ್ಜೆ, ಬಲಕ್ಕೆ 90, 10 ಹೆಜ್ಜೆ, ಎಡಕ್ಕೆ 90, ಇದು 24 ಸಲ. ಒತ್ತಿದಳು.

"ಮೆಟ್ಲ ಆತಲ್ಲ ಮಾಮಾ!"

ಹೌದು, ಪರದೆಯಲ್ಲಿ ಮೆಟ್ಟಿಲು. ಬಲಕ್ಕೆ ತಿರುಗಿದ್ದನ್ನೆಲ್ಲ ಎಡಕ್ಕೆ ವಾಪಸು ಕೊಟ್ಟರೆ ಸುತ್ತು ಬರೋದು ಹೇಗೆ? ಇದನ್ನು ನಾನು ಹೇಳಲಿಲ್ಲ. ಊಟ ಆಯಿತು, ಧಾರಾವಾಹಿ ಆಯಿತು, ಆಮೇಲೆ ತಾನೇ ಎದ್ದು ಬಂದಳು. ಒಂದು ಪ್ರದಕ್ಷಿಣೆಗೆ 360, ಅದನ್ನು 24 ಮೂಲೆಗೆ ಹಂಚಿದರೆ 15. ಪ್ರತಿ ಸಲ 15 ಉಳಿಸಿಕೊಳ್ಳಬೇಕು, ಅಂದರೆ ಸಂದಿಯಲ್ಲಿ ಎಡಕ್ಕೆ 75. ನಕ್ಷತ್ರ ಮುಚ್ಚಿಕೊಂಡಿತು. ಮೂಲೆ 90 ಡಿಗ್ರಿಯದಾದರೆ ಸಂದಿ 105ರದು ಅಂತ ಅವಳೇ ಕಂಡುಕೊಂಡಳು, ಕಣ್ಣಿಗೆ ಕಾಟಕೋನ ಅನ್ನಿಸಿದ್ದು ಅಲ್ಲವಾಗಿತ್ತು.

ಮಕ್ಕಳ ಆ್ಯಪಿಗೆ ಚಂದಾ ಕಟ್ಟುವ ಮುಂಚೆ ನೀವು ಕೇಳಬೇಕಾದದ್ದು ಇಷ್ಟೇ: ಇದರಲ್ಲಿ ತಪ್ಪು ಮಾಡೋಕೆ ಬರುತ್ತಾ? ಕೆಂಪು ಗುರುತು ಬೀಳೋ ತಪ್ಪಲ್ಲ, ಮೆಟ್ಟಿಲಾಗೋ ತಪ್ಪು.

ಇದನ್ನೆಲ್ಲ ಶಿರಹಟ್ಟಿ ಕಡೆ ಗಣಿತ ಕಲಿಸುವ ಗೆಳೆಯನಿಗೆ ಉತ್ಸಾಹದಲ್ಲಿ ಹೇಳಿದೆ. ಪೂರ್ತಿ ಕೇಳಿದ. "ನಿನಗ ಒಂದು ಹುಡುಗಿ, ಎರಡು ದಿನ, ಒಂದು ಲ್ಯಾಪ್‌ಟಾಪ್. ನನಗ ಐವತ್ತು ಮಂದಿ, ಮುಕ್ಕಾಲು ತಾಸು, ಒಂದು ಪ್ರೊಜೆಕ್ಟರ್. ಮುಂದ ಎಸ್ಸೆಸ್ಸೆಲ್ಸಿ. ಆ ರೆಡಿಮೇಡ್ ಸ್ಲೈಡರ್ ನ ಕಳಸು ಮಾರಾಯ." ಮನೆಯಲ್ಲಿ ಮಾಡಿಸೋಣ ಅಂದರೆ ಅವನ ಮಕ್ಕಳ ಪಾಲಿಗೆ ಪರದೆ ಅಂದರೆ ಅಪ್ಪನ ಫೋನು, ಅದೂ ಅಪ್ಪ ಹೊಲದಿಂದ ಬಂದ ಮೇಲೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಳಿಸಿದೆ.

ವಾರದ ಮೇಲೆ ಅವನದೇ ಫೋನು. ಕ್ಲಾಸಿನಲ್ಲಿ ಸ್ಲೈಡರ್ ಮುಟ್ಟುವ ಮುಂಚೆ ಪ್ರೊಜೆಕ್ಟರಿಗೆ ಹಾಜರಿ ಪುಸ್ತಕ ಅಡ್ಡ ಹಿಡಿದು, 15 ಡಿಗ್ರಿಗೆ ಎಷ್ಟು ಮೂಲೆ, 20 ಡಿಗ್ರಿಗೆ ಎಷ್ಟು ಅಂತ ನೋಟ್‌ಬುಕ್ಕಿನಲ್ಲಿ ಬರೆಸಿದನಂತೆ. 15ಕ್ಕೆ 24 ಅಂದರು. 20ಕ್ಕೆ, 360ನ್ನು ಭಾಗಿಸಿ, ಹೆಚ್ಚುಕಡಿಮೆ ಎಲ್ಲರೂ 18 ಅಂದರು. ಪುಸ್ತಕ ತೆಗೆದು ಎಳೆದ. 36 ಮೂಲೆ.

"ಹುಡುಗುರು ಬಿಡವಲ್ರು, 36 ಯಾಕ ಹೇಳು" ಅಂದ.

ಒಂದು ನಿಮಿಷ ಅಂದು, ಫೋನು ಸ್ಪೀಕರಿಗೆ ಹಾಕಿ, ಕಾಗದ ಪೆನ್ನು ತಗೊಂಡೆ.