ತಟ್ಟಿ ಮನೆಯ ತೂಕ

ಈ ವಾರ ಮಂಕಿ ಟಾಪ್ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬೆಂಗಳೂರಿನ ಹಳೇ ಕಿಟಕಿಗಳ ಆ ಮರದ ಟೋಪಿ ಇನ್ನೊಂದು ವಾರ ಕಾಯಲಿ. ಅದನ್ನು ಹೊಗಳುವವರಿಗೇನೂ ಬರವಿಲ್ಲ. ನನ್ನ ತಲೆಯಲ್ಲಿ ಕೂತಿರುವುದು ಕೆಜಿಎಫ್‌ನ ತಟ್ಟಿ ಮನೆ.

ಬಂಗಲೆ ಪಂಥದವರ ಜತೆ ನನಗಿರುವ ಜಗಳ ಈ ಅಂಕಣದ ಓದುಗರಿಗೆ ಹೊಸದಲ್ಲ. ಕಂಬ ಇದ್ದರೆ ಪರಂಪರೆ, ಕೆತ್ತನೆ ಇದ್ದರೆ ಪರಂಪರೆ, ದೊಡ್ಡವರು ಮಲಗಿದ್ದ ಮಂಚ ಸಿಕ್ಕಿದರಂತೂ ಮಹಾಪರಂಪರೆ. ಕೂಲಿಯವನ ಒಂದು ಕೋಣೆ ತೋರಿಸಿದರೆ ಮಾತ್ರ, "ಇದ್ರಲ್ಲಿ ನೋಡೋಕೇನಿದೆ ಸಾರ್?" ಚಿನ್ನದ ಗಣಿಗೆ ಹೋದರೂ ಇವರ ಕ್ಯಾಮೆರಾ ಕ್ಲಬ್ಬು, ಬಂಗಲೆ ಸುತ್ತಿ, ‘ಲಿಟ್ಲ್ ಇಂಗ್ಲೆಂಡ್’ ಎಂದು ಉದ್ಗರಿಸಿ ವಾಪಸಾಗುತ್ತದೆ.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಬಂತು. ಕಾರ್ನ್‌ವಾಲ್‌ನಿಂದ ಗಣಿ ಬಲ್ಲವರನ್ನು ಕರೆಸಿತು. ಉತ್ತರ ಆರ್ಕಾಟಿನ ಕಡೆಯಿಂದ ಬಂದ ಕಾರ್ಮಿಕರಿಗೆ, ಅವರಲ್ಲಿ ಹೆಚ್ಚಿನವರು ದಲಿತರು, ಸಿಕ್ಕಿದ್ದು ಬಿದಿರು ತಟ್ಟಿಯ ಗೋಡೆ, ಸಾಲುಸಾಲು ‘ಲೈನು’. 1902ರಲ್ಲಿ ಶಿವನಸಮುದ್ರದ ಕರೆಂಟು ಗಣಿಗೆ ಹರಿಯಿತು, ಬೆಂಗಳೂರಿನ ಬೀದಿ ದೀಪಕ್ಕೆ ಬಂದದ್ದು 1905ರಲ್ಲಿ ಎಂದು ಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ. ಅದೇ ಗಣಿಗಿಳಿದವನು ಮೇಲೆ ಬಂದು ಎಲ್ಲಿ ಮಲಗುತ್ತಿದ್ದ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಇಲ್ಲೊಂದು ತಮಾಷೆ ಇದೆ. ಬಂಗಲೆ ಪಂಥದವರು ವೇದದಂತೆ ಜಪಿಸುವುದು ‘ಬರ್ರಾ ಚಾರ್ಟರ್’. ಯಾವ ಜಾಗವನ್ನು ಯಾಕೆ ಉಳಿಸಬೇಕು ಎಂದು ಹೇಳುವ 1979ರ ಆಸ್ಟ್ರೇಲಿಯಾದ ಸನ್ನದು. ಬರ್ರಾ ಎಂದರೇನು? ಅರಮನೆಯ ಊರಲ್ಲ, ತಾಮ್ರದ ಗಣಿಯ ಊರು! 1845ರಲ್ಲಿ ಗಣಿ ಶುರು. ದುಡಿಯಲು ಬಂದವರು ಅದೇ ಕಾರ್ನ್‌ವಾಲ್‌ನವರು. ಅಲ್ಲಿ ಮಾತ್ರ ಬಂಗಲೆ ಅವರಿಗಿರಲಿಲ್ಲ. ನೂರಾರು ಸಂಸಾರಗಳು ಹಳ್ಳದ ದಂಡೆಯನ್ನು ಬಗೆದು, ಗೂಡು ಮಾಡಿಕೊಂಡು ಬದುಕಿದವು. ಹಗಲು ಕಂಪನಿಗೆ ಅಗೆದದ್ದು, ಬಿಡುವಾದಾಗ ತಮಗೆ ಅಗೆದದ್ದು! 1851ರಲ್ಲಿ ಸುಮಾರು 1,800 ಜನ ಆ ಗೂಡುಗಳಲ್ಲಿದ್ದರು. ಕಂಪನಿ ಪ್ಯಾಕ್ಸ್‌ಟನ್ ಚೌಕದಲ್ಲಿ 33 ಪುಟ್ಟ ಕಲ್ಲುಮನೆ ಕಟ್ಟಿಸಿತು. ಅದಕ್ಕೆ ಬಾಡಿಗೆ, ಗೂಡಿಗೆ ಬಾಡಿಗೆಯಿಲ್ಲ. ಜನ ಗೂಡು ಬಿಡಲು ಒಲ್ಲೆ ಎಂದರು. ಕೊನೆಗೆ ಹೊರಡಿಸಿದ್ದು ಹಳ್ಳದ ನೆರೆ.

ಈಗ ಆ ಕಲ್ಲುಮನೆಗಳಲ್ಲಿ ಪ್ರವಾಸಿಗರು ತಂಗುತ್ತಾರೆ. ಅದೊಂದೇ ಉಳಿದಿದ್ದರೆ ಕಂಪನಿ ಎಷ್ಟು ದಯಾಳು ಎಂದುಕೊಂಡು ಬರಬೇಕಿತ್ತು. ಪುಣ್ಯಕ್ಕೆ ಎರಡು ಗೂಡುಗಳನ್ನೂ ಉಳಿಸಿದ್ದಾರೆ. ಕಲ್ಲುಮನೆ, ಗೂಡು ಎರಡನ್ನೂ ನೋಡಿದವನಿಗೆ ಸಂಬಳ, ಬಾಡಿಗೆಗಳ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಬಡವನ ಮನೆಯನ್ನು ಉಳಿಸಬೇಕಾದ್ದು ಇದಕ್ಕೇ: ಕಂಪನಿಯ ಖಾತೆ ಪುಸ್ತಕಕ್ಕೆ ಸಾಕ್ಷಿ ನುಡಿಯಲು. ಸನ್ನದಿನಲ್ಲೂ ಅಂದವೆಂಬುದು ಹಲವು ಮೌಲ್ಯಗಳಲ್ಲಿ ಒಂದು ಮಾತ್ರ. ಇತಿಹಾಸಕ್ಕೂ ಸಮಾಜಕ್ಕೂ ಅದರ ಪಕ್ಕದಲ್ಲೇ ಮಣೆ.

ಹಾಗಂತ ತಟ್ಟಿಯನ್ನು ಹಾಗೇ ಇಟ್ಟುಕೊಳ್ಳಿ ಎಂದು ಲೈನಿನವರಿಗೆ ಹೇಳುವಷ್ಟು ದಪ್ಪ ಚರ್ಮ ನನಗಿಲ್ಲ. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು, ಲೈನು ಮುಚ್ಚಲಿಲ್ಲ. ಅಲ್ಲಿ ಮೊದಲು ಸೋರದ ಸೂರು, ಮನೆಗೊಂದು ಕಕ್ಕಸು. ಆಮೇಲೆ ನಮ್ಮ ಪರಂಪರೆ. ನನ್ನ ಬೇಡಿಕೆ ಸಣ್ಣದು. ಕೆಡವುವ ಮೊದಲು ಟೇಪು ಹಿಡಿದು ಅಳೆಯಿರಿ, ನಕ್ಷೆ ಬರೆಯಿರಿ, ಇದ್ದವರ ಮಾತು ಬರೆದುಕೊಳ್ಳಿ. ಖಾಲಿ ಬಿದ್ದ ಲೈನಿದ್ದರೆ ಒಂದನ್ನು ಬಿಡಿ. ತಟ್ಟಿಯ ಮೇಲೆ ತಗಡು, ತಗಡಿನ ಮೇಲೆ ಪ್ಲಾಸ್ಟಿಕ್ಕು, ಆ ತೇಪೆಗಳ ಸಮೇತ. ಸುಣ್ಣ ಬಳಿದು ಕೆಫೆ ಮಾಡಬೇಡಿ.

ಬೆಳಗಿನ ಮಾರಿಕುಪ್ಪಂ ರೈಲು ಈಗಲೂ ಗಣಿಯವರ ಮಕ್ಕಳನ್ನು ಬೆಂಗಳೂರಿನ ಕೆಲಸಕ್ಕೆ ತಂದಿಳಿಸುತ್ತದೆ. ರಾತ್ರಿ ಅವರು ಮರಳುವುದು ಆ ಸಾಲುಗಳಿಗೇ. ಮಂಕಿ ಟಾಪ್ ಮುಂದಿನ ವಾರ, ಖಂಡಿತ.