ಓದುಗರೇ ಕಟ್ಟಿದ ಲೋಕ

ವೈಜ್ಞಾನಿಕ ಕಾದಂಬರಿಯ ರುಚಿ ಹತ್ತಿದವರಿಗೆ ಒಂದು ಚಡಪಡಿಕೆ ಇರುತ್ತದೆ. ಪುಸ್ತಕ ಮುಗಿದ ರಾತ್ರಿಯೇ ಅದನ್ನು ಓದಿದ ಇನ್ನೊಬ್ಬರು ಸಿಗಬೇಕು. ಕಾಲಯಂತ್ರ ಹತ್ತಿ ಹಿಂದಕ್ಕೆ ಹೋದವನು ತನ್ನ ತಾತನ ಮದುವೆಯನ್ನೇ ತಪ್ಪಿಸಿದರೆ ಅವನು ಹುಟ್ಟುವುದಾದರೂ ಹೇಗೆ? ಎರಡು ಸೂರ್ಯರಿರುವ ಗ್ರಹದಲ್ಲಿ ಕತ್ತಲಾಗುವುದು ಯಾವಾಗ? ಇಂಥವನ್ನು ಜೊತೆಗೊಬ್ಬರನ್ನು ಕೂರಿಸಿಕೊಂಡು ವಾದಿಸುವುದರಲ್ಲೇ ಸುಖ. ಈ ಸಾಹಿತ್ಯ ಬೆಳೆದದ್ದೂ ಆ ಸುಖದಿಂದಲೇ ಎಂಬುದು ನನ್ನ ಗಟ್ಟಿ ನಂಬಿಕೆ.

ಹ್ಯೂಗೊ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಿಂದ ‘ಅಮೇಜಿಂಗ್ ಸ್ಟೋರೀಸ್’ ಮಾಸಪತ್ರಿಕೆ ಹೊರತಂದರು. ಇಡೀ ಪತ್ರಿಕೆ ವೈಜ್ಞಾನಿಕ ಕಥೆಗಳಿಗೇ ಮೀಸಲು. ಅದರ ಓದುಗರ ಪತ್ರಗಳ ವಿಭಾಗದಲ್ಲಿ ಬರೆದವರ ವಿಳಾಸವೂ ಅಚ್ಚಾಗುತ್ತಿತ್ತು. ಅಷ್ಟೇ ಸಾಕಾಯಿತು. ಸಂಪಾದಕರಿಗೆ ಬರೆಯುತ್ತಿದ್ದವರು ಒಬ್ಬರಿಗೊಬ್ಬರು ಬರೆಯತೊಡಗಿದರು, ಊರೂರಲ್ಲಿ ಗುಂಪು ಕಟ್ಟಿದರು, ಸೈಕ್ಲೋಸ್ಟೈಲ್ ಮಾಡಿದ ಪುಟ್ಟ ಪತ್ರಿಕೆಗಳನ್ನು ಅಂಚೆಯಲ್ಲಿ ಹಂಚಿಕೊಂಡರು. ಕ್ಲೀವ್‌ಲ್ಯಾಂಡಿನ ಜೆರ್ರಿ ಸೀಗಲ್ 1933ರಲ್ಲಿ ಅಂಥದೊಂದು ಪತ್ರಿಕೆಯಲ್ಲಿ ‘ಸೂಪರ್‌ಮ್ಯಾನ್’ ಎಂಬವನ ಕಥೆ ಬರೆದರು, ಗೆಳೆಯ ಜೋ ಶುಸ್ಟರ್ ಚಿತ್ರ ಬಿಡಿಸಿದರು. ಆ ಕಥೆಯಲ್ಲಿ ಅವನು ಖಳ. ಇವರಿಬ್ಬರದೇ ಸೃಷ್ಟಿಯಾಗಿ ಅದೇ ಹೆಸರಿನ ನಾಯಕ 1938ರಲ್ಲಿ ಜಗತ್ತಿನ ಮುಂದೆ ಬಂದ.

ಪತ್ರದಲ್ಲಷ್ಟೇ ಪರಿಚಯವಿದ್ದವರು ಮುಖಾಮುಖಿಯಾದದ್ದು 1939ರ ಜುಲೈನಲ್ಲಿ, ನ್ಯೂಯಾರ್ಕಿನ ಮೊದಲ ವಿಶ್ವ ಸಮ್ಮೇಳನದಲ್ಲಿ. ಸೇರಿದವರು ಸುಮಾರು 200 ಮಂದಿ. ಲಾಸ್ ಏಂಜಲೀಸಿನ 18ರ ಹುಡುಗ ರೇ ಬ್ರಾಡ್‌ಬರಿ, ಗೆಳೆಯ ಫಾರೆಸ್ಟ್ ಆಕರ್‌ಮನ್ ಕೊಟ್ಟ ಸಾಲದ ಹಣದಲ್ಲಿ ಬಸ್ ಹತ್ತಿ ದೇಶವನ್ನೇ ದಾಟಿ ಬಂದಿದ್ದ. 19ರ ಐಸಾಕ್ ಅಸಿಮೋವ್ ಕೂಡ ಅಲ್ಲಿದ್ದ. ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಭವಿಷ್ಯಲೋಕದ ಪೋಷಾಕು ತೊಟ್ಟು ಬಂದರು, ಹೊಲಿದವರು ಡಗ್ಲಸ್. ಇಂದು ಕಾಸ್‌ಪ್ಲೇ ಎನ್ನುವ ವೇಷದ ಸಂಭ್ರಮಕ್ಕೆ ಅದೇ ನಾಂದಿ. ಹುಚ್ಚು ಎನಿಸಬಹುದಾದ ಈ ಉತ್ಸಾಹವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆ ಸಭಾಂಗಣದಲ್ಲಿ ಅಭಿಮಾನಿಗಳಾಗಿ ಕೂತ ಹುಡುಗರೇ ಮುಂದೆ ಈ ಸಾಹಿತ್ಯದ ದೊಡ್ಡ ಲೇಖಕರಾದರು.

ಮಹಾಯುದ್ಧದ 1942ರಿಂದ 1945ರವರೆಗಿನ ವರ್ಷಗಳನ್ನು ಬಿಟ್ಟರೆ ಆ ಸಮ್ಮೇಳನ ಪ್ರತಿವರ್ಷ ನಡೆಯುತ್ತ ಬಂದಿದೆ. 1953ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ ಹ್ಯೂಗೊ ಪ್ರಶಸ್ತಿಗೆ ಹೆಸರು ಬಂದದ್ದು ಗರ್ನ್ಸ್‌ಬ್ಯಾಕ್‌ರಿಂದ. ಅದರ ಮೊದಲ ಕಾದಂಬರಿ ಬಹುಮಾನ ಆಲ್ಫ್ರೆಡ್ ಬೆಸ್ಟರ್ ಅವರ ‘ದಿ ಡೆಮಾಲಿಶ್ಡ್ ಮ್ಯಾನ್’ಗೆ ಸಂದಿತು. ಅಲ್ಲಿ ಪಂಡಿತರ ಸಮಿತಿಯಿಲ್ಲ. ಸಮ್ಮೇಳನದ ಸದಸ್ಯರಾದ ಓದುಗರೇ ಮತ ಹಾಕುತ್ತಾರೆ.

ಈ ವಾರ ನಿಮ್ಮಲ್ಲಿ ಒಂದು ಕೋರಿಕೆ. ನಿಮಗೆ ತುಂಬ ಹಿಡಿಸಿದ ವೈಜ್ಞಾನಿಕ ಕಾದಂಬರಿಯನ್ನು ಜಗಳಕ್ಕೆ ಬರುವಂಥ ಗೆಳೆಯರೊಬ್ಬರ ಕೈಗೆ ಕೊಡಿ. ಓದಿ ಮುಗಿಸಲು ಗಡುವನ್ನೂ ಕೊಡಿ.